ಎಂಬತ್ತೇಳನ್ನು ತೊಂಬತ್ತೈದಕ್ಕೆ ಏರಿಸಿದ ಫಿಂಟನ್

ಫಿಂಟನ್ ಗ್ಯಾಫ್ನಿ ಲೀಟ್ರಿಮ್ ಕಡೆಯ ದನದ ಸಂತೆಯಲ್ಲಿ ನಲವತ್ತೊಂದು ವರ್ಷ ಹರಾಜು ಕೂಗಿದವನು. ಒಂದು ಹೋರಿಯನ್ನು ಒಂದೇ ಉಸಿರಿಗೆ ಮಾರಿ ಮುಗಿಸುತ್ತಿದ್ದ. ಕೊಳ್ಳುವವರು ಮಂಕಾಗಿ ನಿಂತರೆ, ಅವರ ಹಿಂದೆ ಯಾರೋ ಬೆಲೆ ಏರಿಸಿದ ಹಾಗೆ ಬರಿಗೋಡೆಯತ್ತ ತಲೆಯಾಡಿಸಿ, "ಅಗೋ, ಅಲ್ಲಿಂದ ಇಪ್ಪತ್ತು ಜಾಸ್ತಿ ಬಂತು!" ಅನ್ನುವನು. ಆ ಗೋಡೆ ಅಷ್ಟು ವರ್ಷ ಬೆಲೆ ಕೂಗಿಯೂ ಒಂದು ಕರುವನ್ನೂ ಮನೆಗೆ ಹೊಡೆದುಕೊಂಡು ಹೋಗಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು, ನಿಜ. ಆದರೆ ಕೊರೊನಾ ಎಂಬ ಮಾರಿಗೆ ಬಾಯಿಮಾತು ನಾಟಬೇಕಲ್ಲ!

ಕ್ರಿಸ್‌ಮಸ್ ಮುಗಿದ ವಾರಕ್ಕೆ ಗಂಡಹೆಂಡಿರಿಬ್ಬರಿಗೂ ಅದು ಅಂಟಿತು. ಹೆಂಡತಿ ಬ್ರೀಜ್ ಎರಡು ದಿನ ಸೀನಿ ಎದ್ದು ಕೂತಳು. ಫಿಂಟನ್ ಮಾತ್ರ ಏಳಲಿಲ್ಲ. ಕ್ಲಿನಿಕ್‌ನವರು ಆಕ್ಸಿಜನ್ ಅಳೆಯುವ ಬೆರಳಿನ ಯಂತ್ರವನ್ನು ಗೇಟಿಗೆ ನೇತುಹಾಕಿ ಹೋದರು. ಅಲ್ಲಿನ ನರ್ಸ್ ಓರ್ಲಾ ಫೋನ್ ಮಾಡಿದಳು. ಅಡಿಗೆಮನೆಯ ಮಂಚದಲ್ಲಿ ಮಲಗಿದ್ದ ಫಿಂಟನ್ ಸ್ಪೀಕರ್ ಹಾಕಿದ.

"ಫಿಂಟನ್ ಅವರೇ, ವಯಸ್ಸೆಷ್ಟು?"

"ಅರವತ್ತು."

"ಅರವತ್ತೆಂಟು!" ಒಲೆಯ ಮುಂದಿನಿಂದ ಬ್ರೀಜ್ ಕೂಗಿದಳು.

"ತೂಕ?"

"ತೊಂಬತ್ತು ಕೆಜಿ."

"ನೂರಾ ಹದಿನಾಲ್ಕು! ಹೊಟ್ಟೆ ಅಡ್ಡ ಬಂದು ನಿಂಗೆ ನಂಬರ್ ಕಾಣಲ್ಲ. ನಂಗೆ ಕಾಣುತ್ತೆ."

"ಸಕ್ಕರೆ ಕಾಯಿಲೆ ಏನಾದ್ರೂ?"

"ಚೂರು."

"ಚೂರಂತೆ! ದಿನಾ ಎರಡು ಮಾತ್ರೆ ನುಂಗ್ತಾನೆ. ಬಿಪಿಗೆ ಇನ್ನೊಂದು."

"ನಿನ್ನ ಯಾರೇ ಕೇಳಿದ್ದು? ನಾನೇನು ಹರಾಜಿಗೆ ನಿಲ್ಲಿಸಿದ ಹೋರಿನಾ, ಹಲ್ಲು ಎಣಿಸೋಕೆ?"

ಓರ್ಲಾ ನಗಲಿಲ್ಲ. "ವಯಸ್ಸು, ತೂಕ, ಸಕ್ಕರೆ, ಬಿಪಿ, ಮೇಲೆ ಗಂಡಸು. ಇದು ಜೋರಾಗೋದು ಹೆಚ್ಚಾಗಿ ಇಂಥವರಿಗೇ. ಅದೂ ಒಂದು ವಾರ ಕಳೆದ ಮೇಲೆ. ಇವತ್ತಿಗೆ ಎಷ್ಟು ದಿನ ಆಯ್ತು?"

"ಎಂಟು," ಎಂದಳು ಬ್ರೀಜ್. ಈ ಸಲ ಕೂಗಲಿಲ್ಲ.

"ಯಂತ್ರ ಎಷ್ಟು ತೋರಿಸ್ತಿದೆ?"

ಫಿಂಟನ್ ಬೆರಳು ನೋಡಿಕೊಂಡ. ಎಂಬತ್ತೇಳು; ಅಷ್ಟು ಕಡಿಮೆ ಎಂದರೆ ಆಸ್ಪತ್ರೆಗೇ ಒಯ್ಯುತ್ತಾರೆ. ಆ ಚಳಿಗಾಲ ಊರಿನಿಂದ ಆಸ್ಪತ್ರೆಗೆ ಹೋದ ಮೂವರಲ್ಲಿ ಇಬ್ಬರು ಪೆಟ್ಟಿಗೆಯಲ್ಲಿ ವಾಪಸ್ಸು ಬಂದಿದ್ದರು. ಹೋದರೆ ಬರುವುದಿಲ್ಲ ಎಂಬ ದಿಗಿಲು ಅವನಿಗೆ. ಅದೂ ಅಲ್ಲದೆ ಎದೆನೋವಿಲ್ಲ, ಏದುಸಿರಿಲ್ಲ, ಆರಾಮಾಗಿಯೇ ಇದ್ದೇನೆ ಅನ್ನಿಸುತ್ತಿತ್ತು. ಕಣ್ಣು ತಾನಾಗಿ ಅಡಿಗೆಮನೆಯ ಗೋಡೆಯತ್ತ ಹೋಯಿತು.

"ತೊಂಬತ್ತೈದು," ಎಂದ.

"ಒಳ್ಳೇದಾಯ್ತು. ಹಾಗಾದ್ರೆ ಒಂದು ಉದ್ದನೆ ಮಾತು ಒಂದೇ ಉಸಿರಿಗೆ ಹೇಳಿ ನೋಡೋಣ."

"ಅಯ್ಯೋ ಮಗಳೇ, ಅದನ್ನ ನನ್ನ ಹತ್ರ ಕೇಳ್ತೀಯಾ!" ಫಿಂಟನ್ ದಿಂಬಿಗೊರಗಿ ನೆಟ್ಟಗೆ ಕೂತ. "ಕೆಂಪು ಹೋರಿ, ಎರಡು ವರ್ಷ, ಐನೂರು ಕೆಜಿ, ಒಂಬೈನೂರು ಯೂರೋ ಯಾರು, ಒಂಬೈನೂರಾ ಇಪ್ಪತ್ತು, ನಲವತ್ತು, ಅರವ..."

ಬಾಯಿ ತೆರೆದೇ ಇತ್ತು, ಗಾಳಿ ಸಾಲಲಿಲ್ಲ. ಎರಡು ಸಲ ಉಸಿರೆಳೆದುಕೊಂಡು, "ಅರವತ್ತು. ಹೋಯ್ತು, ಕೊಟ್ಟೆ," ಎಂದುಬಿಟ್ಟ.

ಬ್ರೀಜ್ ಒಲೆ ಬಿಟ್ಟು ಇತ್ತ ತಿರುಗಿದಳು. ಅಂಥ ಹೋರಿಯನ್ನು ಅಷ್ಟು ಕಡಿಮೆ ಬೆಲೆಗೆ ಬಿಟ್ಟುಕೊಡುವ ಪೈಕಿಯೇ ಅಲ್ಲ ಇವನು! ಸೌಟು ಬಿಸಾಕಿ ಬಂದು ಅವನ ಕೈ ತಿರುಗಿಸಿ ನೋಡಿದಳು.

"ಎಂಬತ್ತಾರು ಕಣಮ್ಮಾ ಓರ್ಲಾ! ಗಾಡಿ ಕಳಿಸು." ಗಂಡನತ್ತ ತಿರುಗಿ, "ಗೋಡೆ ಹತ್ರ ಕೂಗಿಸಿದ್ದು ಸಾಕು ಮಾರಾಯಾ, ನಿನ್ನ ತುಟಿ ನೀಲಿ ಆಗಿದೆ!"

ಆಂಬುಲೆನ್ಸ್ ಬಂತು. ಜೊತೆಗೆ ಹೋಗಲು ಯಾರನ್ನೂ ಬಿಡುತ್ತಿರಲಿಲ್ಲ. ಗೇಟಿನ ಹತ್ತಿರ ಫಿಂಟನ್ ಅವಳ ತೋಳು ಹಿಡಿದುಕೊಂಡ.

"ಹೆದರಿಕೆ ಆಗ್ತಿದೆ ಕಣೇ ಬ್ರೀಜ್."

"ನಂಗೂ ಆಗ್ತಿದೆ. ಗಾಡಿ ಹತ್ತು."

ಹನ್ನೊಂದು ದಿನ ಅವನ ದನಿಯಿಲ್ಲ. ಆಕ್ಸಿಜನ್ ಹಾಕಿದ್ದಾರೆ, ಬೋರಲು ಮಲಗಿಸಿದ್ದಾರೆ ಎಂಬಷ್ಟೇ ಸುದ್ದಿ. ಹನ್ನೆರಡನೆಯ ದಿನ ಫೋನ್ ಬಂತು. ಎತ್ತಿದರೆ ಮಾತಿಲ್ಲ, ಬರೀ ಬುಸ್ ಬುಸ್.

"ಯಾವನೋ ಅದು, ಹೆಂಗಸರ ಮನೆಗೆ ಫೋನ್ ಮಾಡಿ ಉಸಿರು ಬಿಡೋನು? ನಾಚಿಕೆ ಆಗಲ್ವಾ ನಿಂಗೆ?" ಬ್ರೀಜ್ ಬೈದಳು.

"ನಾನು ವಾರ್ಡಿನಿಂದ ಮಾತಾಡ್ತಿರೋದು," ಎಂದು ಯಾವುದೋ ಹೆಣ್ಣುದನಿ ನಡುವೆ ಬಂತು. "ನಿಮ್ಮ ಯಜಮಾನ್ರೇ ಲೈನಿನಲ್ಲಿರೋದು. ಮಾತಾಡೋ ಶಕ್ತಿ ಇಲ್ಲ, ಆದ್ರೂ ಫೋನ್ ಬೇಕೇ ಬೇಕು ಅಂತ ಹಟ."

ಬ್ರೀಜ್ ಕುರ್ಚಿ ಎಳೆದುಕೊಂಡು ಕೂತಳು. ಕಣ್ಣೀರು ಬಳಬಳ ಇಳಿಯಿತು.

"ಏನೂ ಹೇಳ್ಬೇಡ," ಎಂದಳು. "ಉಸಿರಾಡ್ತಾ ಇರು. ನಾನು ಕೇಳ್ತಾ ಇರ್ತೀನಿ."

ಅರ್ಧ ಗಂಟೆ ಫೋನ್ ಇಡಲೇ ಇಲ್ಲ.