ಮೂರನೆಯ ಡಿಸ್ಕು

ಸೋಮವಾರವೆಂದರೆ ನಸುಕಿಗೇ ಎದ್ದು ರೊಟ್ಟಿ ಬಡಿಯುವುದು ನಾಸಿಕದ ನಮ್ಮ ಮನೆಯ ರೂಢಿ. ನಮ್ಮವರು ಮೊದಲ ಬಸ್ಸಿಗೆ ಸಂಭಾಜಿನಗರಕ್ಕೆ ಹೋಗಿ, ಊರ ಹೊರಗಿನ ಶೇಂದ್ರಾದ ಕಾರ್ಖಾನೆಯಲ್ಲಿ ವಾರವಿಡೀ ದುಡಿದು ಶನಿವಾರ ಬರುತ್ತಾರೆ. ಅಂದೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟೆ. ಅವರು ಬೂಟು ಹಾಕಿಕೊಳ್ಳಲೇ ಇಲ್ಲ. ಫೋನು ಹಿಡಿದು ಕೂತೇ ಇದ್ದರು.

"ಬಸ್ಸು ತಪ್ಪತದ್ರಿ."

"ಸಾಹೇಬರು ಬರಬ್ಯಾಡ ಅಂದಾರ. ವಿಚಾರಣೆ ಮುಗಿಯೂತನಕ."

ಅಲ್ಲಿನ ಸರ್ವರ್ ನೋಡಿಕೊಳ್ಳುವುದು ಇವರ ಕೆಲಸ. ಕಾರ್ಖಾನೆಯ ನಕ್ಷೆಗಳೆಲ್ಲ ಅದರಲ್ಲೇ. ಶುಕ್ರವಾರ ಅದು ನಿಂತುಹೋಗಿತ್ತು. ಬೇರೆ ಪ್ರತಿ ಇತ್ತು, ಆದರೆ ಹಳೆಯದು. ಈಚಿನ ನಕ್ಷೆಗಳು ಹೋದಂತೆಯೇ. ಚಹಾ ಆರುವವರೆಗೂ ಬಿಡಿಸಿ ಹೇಳಿದರು. ನಾಲ್ಕು ಡಿಸ್ಕುಗಳನ್ನು ಗುಂಪು ಮಾಡಿ ಹೊಂದಿಸಿದ್ದು ಅವರೇ. ಒಂದು ಸತ್ತರೆ ಉಳಿದ ಮೂರು ಅದರ ಪಾಲನ್ನು ತುಂಬಿಕೊಡುತ್ತವೆ. ಎರಡು ಸತ್ತರೆ ಮುಗಿಯಿತು.

"ಒಂದು ಸತ್ತದ್ದು ಗೊತ್ತಾಗೂದು ಹೆಂಗ?"

"ಡಿಸ್ಕಿನ ಮ್ಯಾಲೆ ಆರಿಕೊಂಡಿದ್ದ ಸಣ್ಣ ದೀಪ ಕಿತ್ತಳಿ ಬಣ್ಣ ಹತ್ತತದ. ಕೂಗೂ ಅಲಾರಮ್ಮೂ ಇತ್ತು, ಕರೆಂಟು ಹೋದಾಗೆಲ್ಲ ಕಿರಚ್ತದಂತ ಆಫೀಸಿನವರೇ ಬಂದ್ ಮಾಡಿಸಿದ್ರು. ದಿನಾ ನೋಡ್ತಿದ್ದೆ ನಾ. ಕಿತ್ತಳಿ ಕಂಡಿಲ್ಲ. ಈಗ ನೋಡಿದ್ರ ಮೂರನೇದ್ದು ಯಾವಾಗೋ ಸತ್ತದಂತ, ಶುಕ್ರವಾರ ಇನ್ನೊಂದು ಸತ್ತು ಎಲ್ಲಾ ನಿಂತದ."

ಅವರ ಸಂಶಯವೆಲ್ಲ ದುರಸ್ತಿಗೆ ಬರುವ ಟೆಕ್ನಿಷಿಯನ್ ಮೇಲೆ. ಒಳ್ಳೆಯ ಡಿಸ್ಕು ತೆಗೆದು ಹಳೆಯದು ಕೂರಿಸಿದ್ದಾನೆ ಎಂದು ದೂರು ಬರೆಯುತ್ತಿದ್ದರು. ಅವನನ್ನು ನಾನೂ ಕಂಡಿದ್ದೆ. ದಸರೆಗೆ ಅಲ್ಲಿ ಯಂತ್ರಗಳ ಪೂಜೆಗೆ ಮನೆಯವರನ್ನೂ ಕರೆದಿದ್ದರು. ಮೀಸೆ ನರೆತ ಆತ ಚಹಾ ಬೇಡವೆಂದು ಬಾಗಿಲ ಬಳಿಯೇ ನಿಂತು, ಕರವಸ್ತ್ರದಿಂದ ಮತ್ತೆ ಮತ್ತೆ ಕೈ ಒರೆಸಿಕೊಳ್ಳುತ್ತಿದ್ದ. ಅದೇಕೆ ಅಷ್ಟು ಒರೆಸಿಕೊಂಡನೋ ಎಂದು ನನಗೂ ಈಗ ಅನಿಸಿತು.

ಅಂದಿನ ಫೋಟೋ ದೊಡ್ಡದು ಮಾಡಿ ಕೊಟ್ಟರು. "ನಿನ್ನ ಕಣ್ಣು ಚುರುಕು. ಮೂರನೇದ್ದರ ಮ್ಯಾಲಿನ ಕಂಪನಿ ಸೀಲು ಬ್ಯಾರೆ ಕಾಣ್ತದೇನು ನೋಡು."

ಸೀಲು ನಾಲ್ಕಕ್ಕೂ ಒಂದೇ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಪ್ರತಿ ಡಿಸ್ಕಿನ ಮೂಲೆಯಲ್ಲಿ ಸಾಸಿವೆಯಷ್ಟು ಗುಳಿ, ಅದರ ಮೇಲೆ ಕುಂಕುಮದ ಬೊಟ್ಟು. ನಾಲ್ಕೂ ಒಂದೇ ಗೆರೆಯಲ್ಲಿ. ಗೆರೆ ಬಿಟ್ಟು ಬರೆದರೆ ಕಾನ್ವೆಂಟಿನಲ್ಲಿ ಸಿಸ್ಟರ್ ಬೆರಳಿಗೆ ಹೊಡೆಯುತ್ತಿದ್ದರು. ಆ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ.

"ರೀ, ಆ ದೀಪ ಎಲ್ಲಿರ್ತದ?"

ತೋರಿಸಿದರು. ಬೆರಳು ಬೊಟ್ಟಿನ ಮೇಲೆಯೇ ನಿಂತಿತು.

"ಆ ಬೊಟ್ಟು ನಾನೇ ಇಟ್ಟಿದ್ದೆ ರೀ. ಹಸಿ ಮಾಡಿ."

"ಪೂಜಿ ಕುಂಕುಮ ಒರಸಬ್ಯಾಡ, ತಾನೇ ಉದುರ್ಲಿ ಅಂತ ಕಸಾ ಹೊಡಿಯಾಕಿಗೆ ಹೇಳಿದಾಂವ ನಾನು."

"ಸಾಹೇಬರಿಗೆ ಇದ್ದದ್ದು ಹೇಳಿಬಿಡ್ರಿ. ಆ ಮನಷ್ಯಾನ ನೌಕರಿ ಯಾಕ ಕಳೀತೀರಿ?"

"ಬೊಟ್ಟಿನಿಂದ ನಕ್ಷೆ ಹೋದವು ಅಂತ ಹೇಳ್ಲಿ? ನಗ್ತಾರ."

"ನಗಲಿ ಬಿಡ್ರಿ."

ಮಧ್ಯಾಹ್ನ ಫೋನು ಹಿಡಿದು ಗಚ್ಚಿಗೆ ಹೋದರು. ಹತ್ತು ನಿಮಿಷಕ್ಕೇ ಇಳಿದು ಬಂದು, "ಹೇಳೀನಿ. ನಾಳಿಗೇ ಬಾ ಅಂದಾರ" ಎಂದರು. ಬೆಳಗಿನ ಗಂಟು ಬಿಚ್ಚಿ ರೊಟ್ಟಿ ತಿಂದರು. ಎಂದೂ ಮುಟ್ಟದ ಮಜ್ಜಿಗೆಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು, ತಟ್ಟೆಯಿಂದ ಮುಖ ಎತ್ತದೆ. ಬರಬೇಡ ಎಂದಿದ್ದ ಸಾಹೇಬರು ಹತ್ತೇ ನಿಮಿಷದಲ್ಲಿ ಹೇಗೆ ಕರಗಿದರು? ಕೇಳಬೇಕೆಂದುಕೊಂಡು ಇನ್ನೊಂದು ರೊಟ್ಟಿ ಹಾಕಿದೆ.

ಸಂಜೆ ಮೇಲಿನ ಮನೆಯ, ಸೊಲ್ಲಾಪುರ ಕಡೆಯ ಅಕ್ಕನವರು ಒಣಗಿದ ಬಟ್ಟೆ ಹೊತ್ತು ಇಳಿಯುತ್ತಾ ಬಾಗಿಲಲ್ಲಿ ನಿಂತರು.

"ವೈನಿ, ನಿಮ್ಮವರ ಹಿಂದಿ ಭಾಳ ಛಲೋ ಅದ ನೋಡ್ರಿ. ಮಧ್ಯಾಹ್ನ ಗಚ್ಚಿ ಮ್ಯಾಲ ಫೋನಿನ್ಯಾಗ, ಆ ಟೆಕ್ನಿಷಿಯನ್ನೇ ಡಿಸ್ಕು ಬದಲಿ ಮಾಡ್ಯಾನ, ನನ್ನ ಕಡೆ ಫೋಟೋ ಅದ ಅಂತ ಹೇಳಾಕತ್ತಿದ್ರು. ಕಳ್ಳ ಸಿಕ್ಕ ಅಲ್ಲ, ಛಲೋ ಆತು ಬಿಡ್ರಿ."