ಏಳು ಇಂಚಿನ ತೋಳು

ತಿಪಟೂರಿನ ದರ್ಜಿ ಗುಲಾಮ್ ರಸೂಲ್ ಸಾಹೇಬರ ಮಗಳು ಆಸ್ಫಿಯಾ. ಬಿ.ಕಾಂ. ಮುಗಿಸಿ ಅಪ್ಪನ ಯೂನಿಫಾರ್ಮ್ ಅಂಗಡಿಗೆ ಕಂಪ್ಯೂಟರ್ ತಂದ ಮೊದಲ ವರ್ಷ ಒಬ್ಬ ಹುಡುಗಿಯ ಎಡತೋಳಿಗೆ ಇಪ್ಪತ್ತೊಂದು ಇಂಚಿನ ಬದಲು ಹನ್ನೆರಡು ಎಂದು ಒತ್ತಿಬಿಟ್ಟಳು. ಮಗು ಅಂಗಡಿಯಲ್ಲೇ ಅತ್ತಿತು. ಆಸ್ಫಿಯಾ ತಾನೇ ಹೊಸ ಅಂಗಿ ಹೊಲಿದು, ಅದರ ಮನೆಗೆ ಹೋಗಿ ಕೊಟ್ಟು ಬಂದಳು.

ಆಮೇಲೆ ಅಳತೆಗಳನ್ನು ಸಾಲುಸಾಲಾಗಿ ಇಡುವ ಪಟ್ಟಿಗೆ, ಅವಳ ಮಾತಲ್ಲಿ ಟೇಬಲ್ಲಿಗೆ, ಒಂದು ಕಟ್ಟು ಹಾಕಿದಳು. ಎರಡು ತೋಳಿಗೂ ಒಂದಿಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಂಪ್ಯೂಟರ್ ತೆಗೆದುಕೊಳ್ಳದು. ಅದು ಕನ್‌ಸ್ಟ್ರೇಂಟ್ ಅಂತೆ. ಅಳತೆ ಸೇವ್ ಆದ ಕೂಡಲೇ ಕಟಿಂಗ್ ಮಾಡುವ ಜಾಗದಲ್ಲಿ ಚೀಟಿ ತಾನಾಗಿ ಪ್ರಿಂಟ್ ಆಗುತ್ತದೆ, ಅದು ಟ್ರಿಗರ್. ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಇದೆಲ್ಲ ಅವಳಿಂದ ತಿಳಿದದ್ದು.

ಕಳೆದ ಜೂನ್‌ನಲ್ಲಿ ಗೆಳೆಯ ದುರ್ಗಯ್ಯನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನಾವಿಬ್ಬರೂ ಮಾಯಸಂದ್ರದ ಕಡೆ ತೆಂಗಿನ ಮರ ಹತ್ತಿ ಕಾಯಿ ಕೆಡವುತ್ತಿದ್ದವರು. ಎರಡು ವರ್ಷದ ಹಿಂದೆ ಅವನು ಬಿದ್ದ. ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಿ ತೆಗೆದರು. ಅಂದಿನಿಂದ ಟವೆಲ್ ಹೊದೆಯದೆ ಹೊರಗೆ ಬಂದವನಲ್ಲ. ಈಗ ಒಂದು ಕಾಲೇಜಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತ್ತು. ಸೋಮವಾರ ಯೂನಿಫಾರ್ಮಿನಲ್ಲೇ ಗೇಟಿನಲ್ಲಿ ನಿಲ್ಲಬೇಕು. ಆ ನಾಚಿಕೆಗೆ ಕೆಲಸವೇ ಬೇಡ ಅಂತ ಕೂತಿದ್ದ.

ಆಸ್ಫಿಯಾ ಅಳೆದಳು. ಬಲ ಇಪ್ಪತ್ಮೂರು, ಎಡ ಏಳು. ಕಂಪ್ಯೂಟರ್ ಬೇಡ ಎಂದಿತು.

"ಎರಡಕ್ಕೂ ಇಪ್ಪತ್ಮೂರೇ ಬರ್ಕೊಳವ್ವ, ಮಡಿಚ್ಕತೀನಿ," ಎಂದ ದುರ್ಗಯ್ಯ ನೆಲ ನೋಡುತ್ತ.

ನನಗೆ ರೇಗಿತು. "ಏನಮ್ಮ, ಕೈ ಇಲ್ದೋನು ಮನ್ಸ ಅಲ್ವಾ ನಿನ್ ಡಬ್ಬಕ್ಕೆ?"

"ಲೇ ಬಾಲರಾಜು, ಸುಮ್ಕಿರ್ಲಾ!" ಎಂದು ದುರ್ಗಯ್ಯ ನನ್ನನ್ನು ತಡೆದ.

"ಕೂಗ್ಲಿ ಬಿಡಿ ದುರ್ಗಣ್ಣ, ಡಬ್ಬಕ್ಕೆ ಕಿವಿ ಇಲ್ಲ," ಎಂದಳು ಆಸ್ಫಿಯಾ.

ತಪ್ಪು ಚೀಟಿ ಹೋಗದಿರಲೆಂದು ಮೊದಲು ಟ್ರಿಗರ್ ಆಫ್ ಮಾಡಿದಳು, ಆಮೇಲೆ ಕನ್‌ಸ್ಟ್ರೇಂಟ್. ದುರ್ಗಯ್ಯನ ಅಳತೆ ಒಳಗೆ ಹೋಯಿತು. ಆದರೆ ಕನ್‌ಸ್ಟ್ರೇಂಟನ್ನು ಮತ್ತೆ ಆನ್ ಮಾಡಲು ಹೋದರೆ, ಅದು ಒಳಗಿದ್ದ ಆರುನೂರು ಚಿಲ್ಲರೆ ಜನರನ್ನೂ ಪರೀಕ್ಷೆ ಮಾಡಿ, ಒಬ್ಬ ಸರಿಯಿಲ್ಲ ಎಂದು ಹಟ ಹಿಡಿಯಿತು.

"ಹಳೇದು ನೋಡ್ದೆ ಆನ್ ಆಗು ಅಂದ್ರೆ ಆಗ್ತದಲ್ಲ ಬೇಟಿ?" ಎಂದರು ಸಾಹೇಬರು.

"ಆಗ್ತದೆ ಅಬ್ಬಾ. ಆದ್ರೆ ನಾಳೆ ಇವರ ಕಾಲರ್ ಅಳತೆ ತಿದ್ದಕ್ಕೆ ಹೋದ್ರೂ ಇವರನ್ನ ಬೇಡ ಅಂತದೆ. ಪ್ರತಿ ಸಲ ಇಲ್ಲಿ ತಲೆ ತಗ್ಗಿಸಿ ನಿಂತ್ಕಬೇಕಾ?"

"ಹಂಗಾದ್ರೆ ಆಫೇ ಇರ್ಲಿ ಬುಡು," ಎಂದೆ.

"ಇನ್ನೊಂದು ಮಗು ಅಳ್ಬೇಕಾ ಬಾಲರಾಜಣ್ಣ? ದುರ್ಗಣ್ಣಂದು ಸರಿಯಾಗೇ ಇದೆ. ನಾನು ಬರೆದ ರೂಲೇ ಸರಿಯಿಲ್ಲ."

ಹಳೆಯದನ್ನು ಕಿತ್ತು ಹೊಸದು ಬರೆದಳು. ತೋಳಿನ ವ್ಯತ್ಯಾಸ ಎಷ್ಟಾದರೂ ಇರಲಿ, ಒಂದಿಂಚು ದಾಟಿದರೆ ಎರಡನೇ ಸಲ ಬೇರೊಬ್ಬರು ಅಳೆದು ಅವರ ಹೆಸರು ಸೇರಬೇಕು. ಬರೆದವಳೇ ಟೇಪನ್ನು ನನ್ನ ಕಡೆ ಚಾಚಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಆ ತೋಳನ್ನು ನಾನು ಮುಟ್ಟಿರಲಿಲ್ಲ. ಅವನು ಬಿದ್ದಾಗ ಕೆಳಗೆ ನಿಂತಿದ್ದವನು ನಾನೇ. ಟೇಪನ್ನು ಬಿಚ್ಚಿ ಮತ್ತೆ ಸುತ್ತಿದೆ.

"ಹಿಡ್ಕಳ್ಳೋ, ಕಚ್ಚಕಿಲ್ಲ ಅದು," ಎಂದ ದುರ್ಗಯ್ಯ.

ಏಳೇ ಇಂಚು. ಆಸ್ಫಿಯಾ ನನ್ನ ಹೆಸರು ಒತ್ತಿದಳು. ಈ ಸಲ ಕನ್‌ಸ್ಟ್ರೇಂಟ್ ಎಲ್ಲರನ್ನೂ ನೋಡಿ ಸುಮ್ಮನಾಯಿತು. ಟ್ರಿಗರ್ ಆನ್ ಮಾಡಿ ಮತ್ತೆ ಸೇವ್ ಮಾಡಿದಳು. ಚೀಟಿ ಬಂತು.

ಸಾಹೇಬರು ಅದನ್ನು ಓದಿ ಕೇಳಿದರು: "ಎಡಗಡೆಗೂ ಕಫ್ ಇಟ್ಟು ಗುಂಡಿ ಹಾಕ್ಲಾ ದುರ್ಗಯ್ಯನೋರೆ?"

ಅಂಗಡಿಗೆ ಬಂದ ಮೇಲೆ ದುರ್ಗಯ್ಯ ಮೊದಲ ಸಲ ಕನ್ನಡಿ ನೋಡಿಕೊಂಡ. "ಹಾಕಿ ಸಾಹೇಬ್ರೆ. ಬಲಗೈಗೂ ಬೆಳಗ್ಗೆ ಒಂದು ಕೆಲ್ಸ ಆಗ್ಲಿ."

ಆಸ್ಫಿಯಾ ನಕ್ಕು, ಮುಂದಿನವರ ಭುಜಕ್ಕೆ ಟೇಪು ಹಿಡಿದಳು.

ಮೆಟ್ಟಿಲಿಳಿಯುತ್ತ ದುರ್ಗಯ್ಯ ಕೇಳಿದ: "ಸೋಮವಾರ ಎಷ್ಟೊತ್ಗೆ ಗೇಟು ತೆಗೀಬೇಕಂತೆ ಕಣ್ಲಾ?"