ನಡುಗುವ ಮೇಜು

ನಮ್ಮನೆಯಲ್ಲಿ ಜೇಡರ ಬಲೆ ತೆಗೆಯುವ ಹಾಗಿರಲಿಲ್ಲ. ಅಕ್ಕ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾಳೆ, ಅವಳ ಸಂಶೋಧನೆಯೆಲ್ಲ ಜೇಡದ ಮೇಲೆ. ಪೊರಕೆ ಗೋಡೆಯ ಮೂಲೆಗೆ ಹೋದರೆ ಸಾಕು, ಒಳಗಿನಿಂದಲೇ "ಅದು ಇರಲಿ" ಎನ್ನುವಳು. "ಬಂದವರು ಇದೇನು ಮನೆಯೋ ಗೋದಾಮೋ ಅಂದ್ಕೋತಾರೆ" ಎಂದು ಅಮ್ಮ ಗೊಣಗುತ್ತಿದ್ದಳು, ಗೊಣಗುತ್ತಲೇ ಪೊರಕೆ ಇಳಿಸುತ್ತಿದ್ದಳು. ಬೀದಿಯ ಮಕ್ಕಳ ಬಾಯಲ್ಲಿ ಅಕ್ಕ ಜೇಡದ ಮೇಡಂ. ನಾನು ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ನನ್ನ ಯಂತ್ರ, ಹಿಂದಿನ ಕೋಣೆಯಲ್ಲಿ ಅವಳ ಪುಸ್ತಕ, ನಡುವೆ ಅಮ್ಮ.

ಅಕ್ಕನಿಗೆ ತಿಳಿಯಬೇಕಾಗಿದ್ದು ಒಂದೇ ವಿಷಯ. ಬಲೆಯ ಎಳೆ ಅದುರಿದಾಗಲೇ ಜೇಡಕ್ಕೆ ಊಟ ಬಂದದ್ದು ಗೊತ್ತಾಗುವುದಂತೆ. ಹಾಗಾದರೆ ದೊಡ್ಡ ರಸ್ತೆಯ ಪಕ್ಕದಲ್ಲೋ ಕಾರ್ಖಾನೆಯ ಗೋಡೆಯಲ್ಲೋ, ಇಡೀ ದಿನ ಎಲ್ಲವೂ ನಡುಗುವ ಕಡೆ ಅದು ಹೇಗೆ ನೇಯುತ್ತದೆ? ಇದಕ್ಕೆ ಅನುದಾನ ಕೇಳಿ ಅವಳು ವರ್ಷ ವರ್ಷವೂ ಅರ್ಜಿ ಹಾಕಿದಳು. ವರ್ಷ ವರ್ಷವೂ ಒಂದೇ ಉತ್ತರ: ವಿಚಾರ ಚೆನ್ನಾಗಿದೆ, ಆದರೆ ಪ್ರಾಥಮಿಕ ಫಲಿತಾಂಶ ಇಲ್ಲ. ದುಡ್ಡಿಲ್ಲದೆ ಫಲಿತಾಂಶ ಬರುವುದಿಲ್ಲ, ಫಲಿತಾಂಶವಿಲ್ಲದೆ ದುಡ್ಡು ಕೊಡುವುದಿಲ್ಲ. "ಇದೆಂಥ ಕರ್ಮನೇ" ಎಂದೆ ನಾನು. "ಅದು ಹಾಗೇ" ಎಂದು ಮತ್ತೆ ಬರೆಯಲು ಕೂತಳು. ಬರೆಯುತ್ತ ಬರೆಯುತ್ತಲೇ ಫೆಲೋಶಿಪ್ಪುಗಳಿಗಿರುವ ವಯಸ್ಸಿನ ಮಿತಿ ದಾಟಿಹೋಯಿತು.

ಆಮೇಲೆ ಕೋಣೆಯ ಮಾತು ಬಂತು. ವಿಭಾಗದಲ್ಲಿ ಮೆಟ್ಟಿಲ ಕೆಳಗೆ ಅವಳದೊಂದು ಚಿಕ್ಕ ಪ್ರಯೋಗಾಲಯವಿತ್ತು, ಗೋಡೆಯುದ್ದಕ್ಕೂ ಜೇಡಗಳ ಗಾಜಿನ ಪೆಟ್ಟಿಗೆಗಳು. ಹೊರಗಿನ ಅನುದಾನ ತರುವವರಿಗೆ ಮಾತ್ರ ಕೋಣೆ ಎಂದು ಹೊಸ ನಿಯಮವಾಯಿತು. ಮುಂದಿನ ಸುತ್ತಿನಲ್ಲೂ ಸಿಗದಿದ್ದರೆ ಕೋಣೆ ಪಕ್ಕದ ರಸಾಯನಶಾಸ್ತ್ರದವರಿಗೆ, ಅವರ ಯಂತ್ರ ಬಂದು ಹೊರಗೆ ಕಾಯುತ್ತಿತ್ತು. ಕೋಣೆ ಹೋದರೆ ಜೇಡಗಳು ಹೋದ ಹಾಗೆ. ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ಅಕ್ಕನನ್ನು ಕೂರಿಸಿಕೊಂಡು ಆ ವೃತ್ತಿಯ ಗುಟ್ಟು ಹೇಳಿಕೊಟ್ಟರಂತೆ.

"ಮೇಡಂ, ಇನ್ನು ಮುಂದೆ ಮಾಡೋ ಕೆಲಸಕ್ಕೆ ಯಾರೂ ಹಣ ಕೇಳಲ್ಲ. ಮೊದಲು ಹೇಗೋ ಮಾಡಿ ಮುಗಿಸಿಬಿಡಿ. ಅರ್ಧ ತೋರಿಸಿ, ಇನ್ನರ್ಧ ಜೇಬಲ್ಲಿ ಇಟ್ಕೊಂಡು ಅದಕ್ಕೆ ಹಣ ಕೇಳಿ. ಬಂದ ಹಣದಲ್ಲಿ ಮುಂದಿನ ಕೆಲಸ ಶುರು ಮಾಡಿ. ನಾವೆಲ್ಲ ಹೀಗೇ ಬಂದವರು."

ಮಾಡಿ ಮುಗಿಸಿ ಎಂಬ ಮಾತಷ್ಟೇ ಅಕ್ಕನಿಗೆ ಹಿಡಿಸಿತು. ಮನೆಗೆ ಬಂದವಳೇ ನನ್ನ ಹೊಲಿಗೆ ಯಂತ್ರದ ಮೋಟಾರು ಬಿಚ್ಚಿದಳು. ನನಗೆ ಮೈಯೆಲ್ಲ ಉರಿಯಿತು. "ನನ್ನ ಹೊಟ್ಟೆಪಾಡಿಗೇ ಕೈ ಹಾಕ್ತೀಯಲ್ಲೇ" ಎಂದೆ. "ಕಾಲಲ್ಲಿ ತುಳಿ, ಸ್ವಲ್ಪ ದಿನ" ಎಂದಳು. ಆ ಸ್ವಲ್ಪ ದಿನ ನನ್ನ ಮಂಡಿ ಸವೆಯುವವರೆಗೆ ನಡೆಯಿತು. ಮೋಟಾರು ಅವಳ ಪ್ರಯೋಗಾಲಯದ ಒಂದು ಮೇಜನ್ನು ನಡುಗಿಸಲು ಅದರ ಕೆಳಗೆ ಹೋಯಿತು, ಕಸೂತಿಗೆ ಬಟ್ಟೆ ಬಿಗಿಯುವ ನನ್ನ ಮರದ ಬಳೆಗಳು ಬಲೆಗಳ ಚೌಕಟ್ಟಾದವು. ವಾರದ ದಿನಗಳಲ್ಲಿ ಮೆಟ್ಟಿಲ ಮೇಲೆ ಹುಡುಗರ ಧಡಧಡ, ಯಾವುದು ಮೋಟಾರಿನ ನಡುಕ, ಯಾವುದು ಕಾಲಿನದು ಎಂದು ತಿಳಿಯದು. ಹಾಗಾಗಿ ಎಲ್ಲ ಭಾನುವಾರಗಳೂ ಅಲ್ಲೇ. ಬೈದುಕೊಂಡೇ ನಾನೂ ಹೋಗುತ್ತಿದ್ದೆ, ದೀಪ ಹಿಡಿಯುತ್ತಿದ್ದೆ, ಅವಳು ಬಲೆಯ ಚಿತ್ರ ತೆಗೆಯುತ್ತಿದ್ದಳು.

ಉತ್ತರ ಸಿಕ್ಕಿತು. ನಡುಗುವ ಮೇಜಿನ ಜೇಡಗಳು ಎಳೆಗಳನ್ನು ಸಡಿಲ ಬಿಡುತ್ತಿದ್ದವು, ಬೇಡದ ನಡುಕ ಅಲ್ಲೇ ಇಂಗಿಹೋಗಲಿ ಎಂದು. ಮೋಟಾರು ನಿಲ್ಲಿಸಿದ ಮೇಲೂ ಅವು ಬಿಗಿಯಾಗಿ ನೇಯಲಿಲ್ಲ, ಸಡಿಲವಾಗಿಯೇ ನೇಯುತ್ತ ಹೋದವು. ಅವತ್ತು ಅಕ್ಕ ನನ್ನ ತೋಳು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವಳಿಗೆ ಅಷ್ಟು ಸಂತೋಷವಾದದ್ದನ್ನು ನಾನು ಬೇರೆಂದೂ ಕಂಡಿಲ್ಲ.

ಅರ್ಜಿ ಬರೆಯುವಾಗ ಎಲ್ಲವನ್ನೂ ಬರೆದಳು. ಅರ್ಧ ಜೇಬಲ್ಲಿ ಇಟ್ಟುಕೊಳ್ಳಲಿಲ್ಲ. ಮುಖ್ಯಸ್ಥರು ಹಣೆ ಚಚ್ಚಿಕೊಂಡರಂತೆ.

"ಅಷ್ಟು ಹೇಳಿದರಲ್ಲ, ಕೊನೇ ಭಾಗ ಬಚ್ಚಿಟ್ಟರೆ ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ಗೊತ್ತಿರೋದನ್ನ ಗೊತ್ತಿಲ್ಲ ಅಂತ ಹೇಗೆ ಬರೀಲಿ? ನಡುಕವನ್ನೇ ಕಾಣದ ಅವುಗಳ ಮರಿಗಳೂ ಸಡಿಲವಾಗೇ ನೇಯ್ತವಾ ಅನ್ನೋದು ನಿಜವಾಗಿ ಗೊತ್ತಿಲ್ಲ. ಅದಕ್ಕೆ ಕೇಳ್ತೀನಿ."

"ಕೋಣೆ ಹೋದ್ರೆ?"

ಅವಳು ಅರ್ಜಿಯನ್ನು ಲಕೋಟೆಗೆ ಹಾಕಿ ಅಂಟಿಸಿದಳು.

ಸಂದರ್ಶನಕ್ಕೆ ಕರೆ ಬಂತು. ನಾನೇ ಹೊಲಿದ ಬೂದು ಬಣ್ಣದ ಕೋಟು ಹಾಕಿಕೊಂಡು ಹೋದಳು. ಅಲ್ಲಿ ನಡೆದದ್ದನ್ನು ಊಟ ಮಾಡುತ್ತ ಹೇಳಿದಳು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಸಮಿತಿಯ ಹಿರಿಯರು ಎಲ್ಲವನ್ನೂ ನೋಡಿ ತುಂಬ ಮೆಚ್ಚಿಕೊಂಡರಂತೆ. ಮೆಚ್ಚಿಕೊಂಡು, "ಆದರೆ ಇದು ಮುಗಿದೇ ಹೋಗಿದೆಯಲ್ಲ ಮೇಡಂ, ಇನ್ನು ಹಣ ಯಾಕೆ?" ಎಂದರಂತೆ. ಮರಿಗಳ ವಿಷಯ ತಿಳಿಯೋದಕ್ಕೆ ಎಂದಳಂತೆ ಅಕ್ಕ. "ಒಳ್ಳೇ ಪ್ರಶ್ನೆ. ಅದಕ್ಕೆ ಪ್ರಾಥಮಿಕ ಫಲಿತಾಂಶ ಇದೆಯಾ?"

"ನೀನೇನಂದೆ?" ಅಮ್ಮ ಕೇಳಿದಳು.

"ಇಲ್ಲ ಅಂದೆ. ಸಾರು ಹಾಕಮ್ಮ."

ನಾನಾಗಿದ್ದರೆ ಅಲ್ಲೇ ಮೇಜು ಬಡಿದು ಬರುತ್ತಿದ್ದೆ. ಅವಳು ಧನ್ಯವಾದ ಹೇಳಿ ಬಂದಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕೋಣೆ ಬಿಡುವ ದಿನ ನಾನೂ ಹೋದೆ. ಅಕ್ಕ ಪೆಟ್ಟಿಗೆಗಳನ್ನು ಒಂದೊಂದಾಗಿ ಕಟ್ಟಡದ ಹಿಂದಿನ ಪೊದೆಗಳಿಗೆ ಒಯ್ದು ಮುಚ್ಚಳ ತೆಗೆದಳು. ಒಂದು ಜೇಡ ಹೊರಗೆ ಬರಲಿಲ್ಲ, ಅದನ್ನು ಬೆರಳಿನಿಂದ ಮೆಲ್ಲಗೆ ಎಲೆಯ ಮೇಲೆ ಬಿಟ್ಟಳು. ಒಳಗೆ ಆಗಲೇ ರಸಾಯನದವರು ಗೋಡೆ ಅಳೆಯುತ್ತಿದ್ದರು. ಮೋಟಾರನ್ನು ನಾನು ಚೀಲದಲ್ಲಿ ಹಾಕಿಕೊಂಡೆ.

ಮಾರನೆಯ ಬೆಳಿಗ್ಗೆ ಅಕ್ಕನೇ ಮೋಟಾರನ್ನು ನನ್ನ ಯಂತ್ರಕ್ಕೆ ಕೂರಿಸಿದಳು. ಹೊಲಿದು ನೋಡು ಎಂದಳು. ನೋಡಿದೆ, ಸರಿಯಾಗಿತ್ತು. ಯಂತ್ರ ಓಡುವಾಗ ಮೇಲಿನ ಮೂಲೆಯಲ್ಲಿದ್ದ ಬಲೆ ಸಣ್ಣಗೆ ಅದುರುತ್ತಿತ್ತು. ಅವಳು ತಲೆಯೆತ್ತಿ ಅದನ್ನೇ ನೋಡಿದಳು. ಮಧ್ಯದಲ್ಲಿ ಜೇಡ ಕೂತಿತ್ತು, ಪಕ್ಕದಲ್ಲಿ ಒಂದು ಮೊಟ್ಟೆಯ ಗೂಡು.

"ಬಟ್ಟೆ ಮೇಲೆ ಬೀಳುತ್ತೆ" ಎಂದು ಅಕ್ಕ ಪೊರಕೆ ತಂದಳು.

ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಇಷ್ಟು ವರ್ಷ ಗೊಣಗಿದವಳು ಮಗಳ ಕೈ ಹಿಡಿದು, "ಇರಲಿ ಬಿಡೇ, ಅದು ಅಲ್ಲೇ ಇರಲಿ" ಎಂದಳು.

ಅಕ್ಕ ಅಮ್ಮನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಆ ಮೂಲೆ ಗುಡಿಸಿದಳು, ಆಮೇಲೆ ಉಳಿದ ಮೂಲೆಗಳನ್ನೂ ಗುಡಿಸಿದಳು. ಕೈ ತೊಳೆದುಕೊಂಡು, ಪಾಠಕ್ಕೆ ಹೊತ್ತಾಯಿತು ಎಂದು ಹೊರಟಳು.